ಹೊನ್ನಕ್ಕನ ದನಿಯಲ್ಲಿ ಮಾರಿದ ಮನೆ

ಇದು ನಿಜವಾಗಿ ನಡೆದದ್ದು. ಹೇಳುತ್ತಿರುವವನು ನಾನು ಎಂಬುದೊಂದನ್ನು ಬಿಟ್ಟರೆ ಇದನ್ನು ನಂಬದಿರಲು ಬೇರೆ ಕಾರಣವೇ ಇಲ್ಲ. ನನ್ನ ಹೆಸರು ವಾಮನಮೂರ್ತಿ. ಕಾಲೇಜಿನಲ್ಲಿ ತರ್ಕಶಾಸ್ತ್ರದ ಮೇಷ್ಟ್ರ ದನಿಯಲ್ಲಿ ಬಾಗಿಲ ಹೊರಗಿನಿಂದಲೇ "ಇವತ್ತು ಪಾಠವಿಲ್ಲ" ಎಂದು ಕೂಗಿ, ಅವರು ಸೀಮೆಸುಣ್ಣ ಹುಡುಕಿಕೊಂಡು ಬರುವಷ್ಟರಲ್ಲಿ ಇಡೀ ತರಗತಿಯನ್ನು ಮನೆಗೆ ಕಳಿಸಿದವನು ನಾನೇ. ಆಮೇಲೆ ಆ ತರಲೆಯನ್ನೇ ಹೊಟ್ಟೆಪಾಡು ಮಾಡಿಕೊಂಡೆ. ಹಲ್ಲುಪುಡಿಯ ಜಾಹೀರಾತಿನಲ್ಲಿ ಅಜ್ಜನೂ ನಾನೇ, ಅವನ ಬೊಚ್ಚುಬಾಯಿಯ ಮೊಮ್ಮಗನೂ ನಾನೇ. ಕುಕ್ಕರಿನ ಜಾಹೀರಾತಿನಲ್ಲಿ ಅತ್ತೆ, ಸೊಸೆ, ಕುಕ್ಕರು ಮೂರೂ ನಾನೇ. ನನ್ನ ಹೆಂಡತಿ ವಸುಧಾ ಹೇಳುವುದುಂಟು: "ನೀವು ಮನೆಯಲ್ಲಿದ್ದರೆ ಮನೆ ತುಂಬ ಜನ. ನೀವೊಬ್ಬರು ಮಾತ್ರ ಇರಲ್ಲ."

ಅವಳು ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಕೊಡುವವಳು. ಎರಡೆರಡು ವರ್ಷಕ್ಕೊಮ್ಮೆ ವರ್ಗ. ಮದುವೆಯಾದ ಮೇಲೆ ನಾವು ಒಂಬತ್ತು ಬಾಡಿಗೆ ಮನೆ ಬದಲಿಸಿದ್ದೆವು. ಒಂಬತ್ತನೆಯದರಲ್ಲಿ ಅವಳು ಪಾತ್ರೆಯ ಪೆಟ್ಟಿಗೆಗಳನ್ನು ಬಿಚ್ಚಲೇ ಇಲ್ಲ. ಎರಡು ತಟ್ಟೆ, ಎರಡು ಲೋಟದಲ್ಲೇ ಎರಡು ವರ್ಷ ಕಳೆದಳು. ಹೀಗಿರುವಾಗ ಬೆಟ್ಟದ ಮೇಲಿನ ಆ ಊರಿನ ಹೊಸ ಆಸ್ಪತ್ರೆಗೆ ವರ್ಗವಾಯಿತು. "ಇಲ್ಲಿಂದ ಇನ್ನು ವರ್ಗ ಕೇಳಲ್ಲ. ಸ್ವಂತಕ್ಕೊಂದು ಮನೆ ಮಾಡೋಣ" ಎಂದಳು. ನನ್ನ ಗಂಟಲಿಗೂ ಡಾಕ್ಟರು ಬೆಟ್ಟದ ಗಾಳಿ ಬರೆದುಕೊಟ್ಟಿದ್ದರು.

ಊರಿನ ಹೆಸರು ಹೇಳುವುದಿಲ್ಲ; ಹೇಳಿದರೆ ನೀವೂ ಮನೆ ಹುಡುಕಿಕೊಂಡು ಬರುತ್ತೀರಿ. ಐದು ವರ್ಷದ ಹಿಂದೆ ಅಲ್ಲಿ ಒಂದೇ ಬೀದಿ ಇತ್ತಂತೆ. ಈಗ ಹನ್ನೊಂದು. ಇಳಿಜಾರಿನ ಉದ್ದಕ್ಕೂ ಪಾಯ ಅಗೆದ ಕೆಂಪು ಮಣ್ಣು, ಇನ್ನೂ ಬಾಗಿಲು ತೆರೆಯದ ಕಲ್ಯಾಣ ಮಂಟಪ, ಹೆಸರಿಟ್ಟು ಮರೆತುಬಿಟ್ಟ ಬಡಾವಣೆಗಳು. ಎದುರಿಗೆ ಬೋಳುತಲೆಯ ಒಂದು ಗುಡ್ಡ. ಊರಿನವರು ಅದನ್ನು ಅಜ್ಜ ಎನ್ನುತ್ತಿದ್ದರು.

ಬಸ್ಸು ಇಳಿದೊಡನೆ ಒಬ್ಬ ಹೆಂಗಸು ಆಕಾಶದಿಂದ "ಬೀನ್ಸ್ ಎಳೇದು, ಬೀನ್ಸ್ ಎಳೇದು!" ಎಂದು ಕೂಗಿದಳು. ತಲೆಯೆತ್ತಿದರೆ ಯಾರೂ ಇಲ್ಲ. ಕೆಳಗೆ ಬುಟ್ಟಿಯ ಮುಂದೆ ಕೂತ ಹೆಂಗಸು ತುಟಿ ಬಿಗಿದುಕೊಂಡು ಹೂಕೋಸು ಜೋಡಿಸುತ್ತಿದ್ದಳು.

"ಬೀನ್ಸ್ ಅರ್ಧ ಕೆ.ಜಿ. ಕೊಡಮ್ಮ" ಎಂದಳು ವಸುಧಾ.

"ಬೀನ್ಸು ಹೋದ ಮಂಡಲದ್ದು ತಾಯೀ. ಈಗ ಹೂಕೋಸು. ಹೊಸಬರಾ?" ದನಿ ಮಾತ್ರ ಆಕಾಶದ್ದೇ.

ವಿಷಯ ಇಷ್ಟೇ. ಆ ಊರಿನಲ್ಲಿ ಬಯಲಲ್ಲಿ ನಿಂತು ಗಂಟಲೆತ್ತಿ ಏನು ಹೇಳಿದರೂ ಒಂದು ಮಂಡಲ, ಅಂದರೆ ನಲವತ್ತೆಂಟು ದಿನ ಕಳೆದ ಮೇಲೆ ಅದೇ ಗಳಿಗೆಗೆ ಗುಡ್ಡ ಅದನ್ನು ತಿರುಗಿ ಹೇಳುತ್ತಿತ್ತು. ಪಿಸುಮಾತು ಅಜ್ಜನ ಕಿವಿಗೆ ಬೀಳುವುದಿಲ್ಲ. ನಾಲ್ಕು ಗೋಡೆಯೊಳಗಿನ ಮಾತು ಅವನಿಗೆ ಬೇಡ. ಹೀಗಾಗಿ ಗಂಡ ಹೆಂಡಿರು ಕಿಟಕಿ ಮುಚ್ಚಿ ಜಗಳವಾಡುತ್ತಿದ್ದರು. ಎತ್ತು ಕಳೆದುಕೊಂಡವನು ಅದು ಸಿಕ್ಕ ತಿಂಗಳ ಮೇಲೂ ತಾನೇ ಅದನ್ನು ಕರೆಯುವುದನ್ನು ಕೇಳಿ, ಕೊಟ್ಟಿಗೆಗೆ ಹೋಗಿ ನೋಡಿ ಬರುತ್ತಿದ್ದ. ಶಾಲೆಯಲ್ಲಿ ನಾಡಗೀತೆಯ ಹೊತ್ತಿಗೆ ಗುಡ್ಡವೂ ಹಾಡುತ್ತಿತ್ತು, ಅಷ್ಟು ದಿನ ಹಿಂದಿನ ಅಪಸ್ವರಗಳ ಸಮೇತ. ಯಾರಿಗೂ ಇದು ವಿಚಿತ್ರ ಅನಿಸುತ್ತಿರಲಿಲ್ಲ. ನನಗಂತೂ ಬೆಲ್ಲದ ಮೂಟೆಯ ಪಕ್ಕ ಇರುವೆಗೆ ಮನೆ ಸಿಕ್ಕ ಹಾಗಾಯಿತು.

ಆಸ್ಪತ್ರೆಯ ಅತಿಥಿ ಕೋಣೆಯಲ್ಲಿ ಸಾಮಾನಿಟ್ಟು ಮನೆ ದಲ್ಲಾಳಿಯನ್ನು ಹುಡುಕಲು ಹೊರಟೆವು. ಬಸ್ ನಿಲ್ದಾಣದ ಎದುರಿಗೇ ಗಾಜಿನ ಬಾಗಿಲಿನ ನಾಲ್ಕು ಕಚೇರಿಗಳಿದ್ದವು. ಮೊದಲನೆಯದರಲ್ಲಿದ್ದ ಟೈ ಕಟ್ಟಿದ ಯುವಕ ನಮ್ಮನ್ನು ಕೂರಿಸಿ, ಬಾಗಿಲು ಭದ್ರ ಮಾಡಿ, ಒಂದು ಗಂಟೆ ಮಾತಾಡಿದ. ಅವನ ಪ್ರಕಾರ ಮನೆಯ ಗೋಡೆ ಕಲ್ಲು, ನೆಲ ಅಮೃತಶಿಲೆ, ನೆರೆಹೊರೆ ದೇವತೆಗಳು. ಮನೆಯ ಅಂಗಳಕ್ಕೆ ಹೋದ ಕೂಡಲೇ ಅವನ ಬಾಯಿ ಹೊಲಿದಂತಾಯಿತು. ನೀರಿದೆಯಾ ಎಂದರೆ ಹೆಬ್ಬೆರಳೆತ್ತಿದ. ಸೋರುತ್ತದಾ ಎಂದರೆ ನಕ್ಕ.

"ಇಲ್ಲೇ ಒಂದು ಸಲ ಜೋರಾಗಿ ಹೇಳಿ, ಸೋರಲ್ಲ ಅಂತ" ಎಂದಳು ವಸುಧಾ.

ಅವನು ಗುಡ್ಡದ ಕಡೆ ನೋಡಿ, ಗಂಟಲು ಹಿಡಿದುಕೊಂಡು, ತನಗೆ ನೆಗಡಿಯೆಂದು ಸನ್ನೆ ಮಾಡಿದ. ಉಳಿದ ಮೂರು ಗಾಜಿನ ಕಚೇರಿಗಳವರಿಗೂ ಅಂಗಳಕ್ಕೆ ಬಂದೊಡನೆ ನೆಗಡಿಯಾಯಿತು.

"ಅಂಗಳದಲ್ಲಿ ಬಾಯಿ ಬಿಡೋರು ಬೇಕಾದ್ರೆ ಹೊನ್ನಕ್ಕನ ಹತ್ರ ಹೋಗಿ" ಎಂದಳು ಹೂಕೋಸಿನಾಕೆ. "ಆದ್ರೆ ಆಕೆ ಮನೆ ತೋರಿಸಿದ್ರೆ ಅರ್ಧ ಜನ ಬಸ್ ಹತ್ತಿ ವಾಪಸ್ ಹೋಯ್ತಾರೆ."

ಹೊನ್ನಕ್ಕನಿಗೆ ಅರವತ್ತರ ಮೇಲಿರಬೇಕು. ಸೆರಗಿನ ತುದಿಯಲ್ಲಿ ಬೀಗದ ಕೈಗಳ ಗೊಂಚಲು, ಕಂಕುಳಲ್ಲಿ ಕೊಡೆ. ದನಿಯೋ, ಇನ್ನೇನು ಕೂಗಬೇಕೆನ್ನುವಾಗ ಮನಸ್ಸು ಬದಲಿಸಿದ ಕುಕ್ಕರಿನದು. ಪ್ರತಿ ಮಾತೂ "ನೋಡಪ್ಪಾ" ಎಂದು ಶುರುವಾಗಿ, ಒಂದು ಕೆಮ್ಮಿನಲ್ಲಿ ತಡವರಿಸಿ, "ಹ್ಞಾಂ" ಎಂದು ಮುಗಿಯುತ್ತಿತ್ತು. ಕೇಳಿದ ಐದೇ ನಿಮಿಷಕ್ಕೆ ನನ್ನ ಗಂಟಲು ತುರಿಸತೊಡಗಿತು. ಅನುಕರಣೆ ಮಾಡುವವರಿಗೆ ಇದೊಂದು ಕಾಯಿಲೆ; ಒಳ್ಳೆಯ ದನಿ ಕಿವಿಗೆ ಬಿದ್ದರೆ ಅದು ನಮ್ಮ ಬಾಯಿಂದ ಹೊರಬರುವ ತನಕ ಸಮಾಧಾನವಿಲ್ಲ.

ಅವಳು ತೋರಿಸಿದ್ದು ಮೇಲುಬೀದಿಯ ಕೊನೆಯ ಹೆಂಚಿನ ಮನೆ. ಮಾಲೀಕರು ಕೆಳಗಿನ ಪೇಟೆ ಸೇರಿ, ಕೀಲಿಯನ್ನೂ ಅಧಿಕಾರ ಪತ್ರವನ್ನೂ ಅವಳಿಗೆ ಕೊಟ್ಟು ಎಷ್ಟೋ ವರ್ಷವಾಗಿತ್ತು. ಮುಂದೆ ಅಂಗಳ, ಪಕ್ಕದಲ್ಲಿ ದಾಸವಾಳದ ಬೇಲಿ, ಬೇಲಿಯಾಚೆ ಇನ್ನೊಂದು ಮನೆಯ ಜಗುಲಿಯಲ್ಲಿ ಖಾಕಿ ಅಂಗಿಯ ಒಬ್ಬ ಮನುಷ್ಯ ಗೋಡೆಯ ಕಡೆ ಮುಖ ಮಾಡಿ ಕೂತಿದ್ದ. ಹೊನ್ನಕ್ಕ ಅಂಗಳದ ನಡುವೆ ನಿಂತು, ಗುಡ್ಡಕ್ಕೆ ಎದುರಾಗಿ, ಶಾಲೆಯ ಮಕ್ಕಳು ಕವಿತೆ ಒಪ್ಪಿಸುವಂತೆ ಕೂಗಿ ಹೇಳಿದಳು.

"ನೋಡಪ್ಪಾ, ಸೂರು ಸೋರ್ತದೆ, ಹ್ಞಾಂ! ಅಡಿಗೆಮನೆಗೆ ಬೆಳಕಿಲ್ಲ, ಹಗಲಲ್ಲೂ ದೀಪ ಬೇಕು, ಹ್ಞಾಂ! ಬಾವಿ ಹೂತೋಗೈತೆ, ನೀರು ವಾಸ್ನೆ! ಪಕ್ಕದ್ಮನೆ ಮರಿಸ್ವಾಮಿ ಹನ್ನೊಂದು ವರ್ಷದಿಂದ ಯಾರ ಜೊತೇಲೂ ಮಾತಾಡಿಲ್ಲ, ನಿಮ್ಮ ಜೊತೇಲೂ ಆಡಲ್ಲ, ಹ್ಞಾಂ!"

ಮನೆ ಮಾರುವವರು ಹೀಗೆ ಮಾತಾಡುವುದನ್ನು ನಾನು ಕೇಳಿದ್ದು ಅದೇ ಮೊದಲು. ವಸುಧಾಳ ಮುಖ ನೋಡಿದೆ. ಅವಳು ಆಗಲೇ ಅಂಗಳದ ಮೂಲೆಯಲ್ಲಿ ಎಲ್ಲಿ ಕರಿಬೇವಿನ ಗಿಡ ನೆಡಬಹುದೆಂದು ಕಾಲಿನಿಂದ ಮಣ್ಣು ಕೆದಕುತ್ತಿದ್ದಳು. ಆಮೇಲೆ ಹಿತ್ತಲು ನೋಡಲು ಹೋದಳು. ಉಗ್ರಾಣದ ಕೀಲಿ ಯಾವುದೆಂದು ಗೊಂಚಲಿನಲ್ಲಿ ಹುಡುಕುತ್ತಾ ಹೊನ್ನಕ್ಕ ಒಳಗೆ ಹೋದಳು. ಅಂಗಳದಲ್ಲಿ ಉಳಿದದ್ದು ನಾನು, ಎದುರಿಗೆ ಅಜ್ಜ, ಗಂಟಲಲ್ಲಿ ತುರಿಕೆ.

ನಲವತ್ತೆಂಟು ದಿನದ ಮೇಲೆ ಈ ಹೆಂಗಸು ಎಲ್ಲೋ ಹುರುಳಿ ಆರಿಸುತ್ತಾ ಕೂತಿರುವಾಗ, ಅವಳ ದನಿಯಲ್ಲೇ ಗುಡ್ಡ ಅವಳು ಆಡದ ಮಾತು ಆಡಿದರೆ ಹೇಗಿರುತ್ತದೆ! ಇಷ್ಟೇ ನನ್ನ ಯೋಚನೆ. ಕೊರಳುಬ್ಬಿಸಿ, ಕೆಮ್ಮು ಸೇರಿಸಿ, ಥೇಟು ಹೊನ್ನಕ್ಕನಾಗಿ ಕೂಗಿದೆ:

"ನೋಡಪ್ಪಾ, ಸೂರು ಒಂದು ಹನಿ ಸೋರಲ್ಲ, ಹ್ಞಾಂ! ಬೆಳಗಿನ ಬಿಸಿಲು ಅಡಿಗೆಮನೆಗೆ ಬಂದು ಮಣೆ ಹಾಕ್ಕೊಂಡು ಕೂರ್ತದೆ, ಹ್ಞಾಂ! ಬಾವಿ ನೀರು ಎಳನೀರು ಕಂಡಂಗೆ! ಪಕ್ಕದ್ಮನೆಯೋರು ಬೇಲಿಗೆ ಬಂದು ಹಾಡು ಹೇಳ್ತಾರೆ, ಹ್ಞಾಂ! ಈ ಮನೆಗೆ ಬಂದೋರು ಇನ್ನೆಲ್ಲೂ ಮನೆ ಹುಡುಕಲ್ಲ, ಹ್ಞಾಂ!"

ಖಾಕಿ ಅಂಗಿಯ ಬೆನ್ನು ಒಮ್ಮೆ ಅಲುಗಿತು, ತಿರುಗಲಿಲ್ಲ. ಹೊನ್ನಕ್ಕ ಉಗ್ರಾಣದಿಂದ ಜೇಡರಬಲೆ ಕೊಡವಿಕೊಳ್ಳುತ್ತಾ ಹೊರಬಂದಳು. ನಾನು ಆಕಾಶ ನೋಡುತ್ತಿದ್ದೆ. ವಸುಧಾ ಹಿತ್ತಲಿನಿಂದ ಬಂದು, ಇದೇ ಮನೆ ಆಗಬಹುದು ಎಂದಳು.

"ನೋಡಪ್ಪಾ ತಮ್ಮಾ" ಎಂದಳು ಹೊನ್ನಕ್ಕ. "ನಾನು ಹೇಳೋದು ಹೇಳಾಯ್ತು. ನಾಳೆಯಿಂದ ಒಂದು ಮಂಡಲ ಇಲ್ಲೇ ಇರಿ. ಇವತ್ತಿನ ಮಾತು ಅಜ್ಜ ತಿರುಗಿ ಹೇಳೋ ದಿನ ಹೌದು ದಿನ. ಊರೋರು ಬರ್ತಾರೆ, ನೋಂದಣಿ ಗುಮಾಸ್ತರು ಬರ್ತಾರೆ. ಅಜ್ಜ ಒಂದೊಂದು ಮಾತು ಹೇಳ್ದಾಗಲೂ ನಿನ್ನ ಹೆಂಡ್ತಿ ಹೌದು ಅನ್ಬೇಕು, ಇಲ್ಲಾ ಇಲ್ಲ ಅನ್ಬೇಕು; ಅವತ್ತು ಮಾತ್ರ ಉತ್ತರ ಬರೋಗಂಟ ಅಜ್ಜನೂ ತಡೀತಾನೆ. ಮನೆ ಆಯಮ್ಮನ ಹೆಸರಿಗೆ ತಾನೆ? ಎಲ್ಲಾ ಹೌದಾದ್ರೆ ಅಲ್ಲೇ ಮೊಹರು."

"ಒಂದು ಇಲ್ಲ ಆದ್ರೆ?" ಎಂದೆ.

"ಇಲ್ಲಿಗಂಟ ನಂದು ಒಂದೂ ಆಗಿಲ್ಲಪ್ಪಾ" ಎಂದು ಅವಳು ಕೊಡೆ ಬಿಡಿಸಿದಳು.

ಇಲ್ಲ ಆದರೆ ಏನಾಗುತ್ತದೆಂದು ತಿಳಿದದ್ದು ಮರುದಿನ, ಮಲ್ಲೇಶಣ್ಣನ ಟೀ ಅಂಗಡಿಯಲ್ಲಿ. ಅವನೂ ಹಿಂದೆ ಮನೆ ದಲ್ಲಾಳಿ. ಹೌದು ದಿನ ಅವನದೇ ದನಿಯಲ್ಲಿ ಗುಡ್ಡ "ಒಂದು ತೊಟ್ಟೂ ಸೋರಲ್ಲ" ಎನ್ನುವಾಗ ಕೊಂಡವನ ತಲೆಯ ಮೇಲೆ ತೊಟ್ಟು ಬಿದ್ದಿತ್ತಂತೆ. ಅವತ್ತಿಗೆ ಅವನ ಬಾಯಿ ಮುಚ್ಚಿತು ಎಂದು ಊರು ಹೇಳಿತು.

"ಬಾಯಿ ಮುಚ್ಚೋದು ಅಂದ್ರೆ?" ಎಂದೆ.

"ನೋಡಿ ಸಾರ್" ಎಂದು ಅವನು ಪಕ್ಕದ ಬೆಂಚಿನವನಿಗೆ ಟೀ ಕೊಟ್ಟು, "ಬಿಸಿ ಇದೆ ಹುಷಾರು" ಎಂದ. ಆ ಗಿರಾಕಿ ಲೋಟದೊಳಗೆ ಬೆರಳು ಅದ್ದಿ ನೋಡಿ, "ಹ್ಞೂಂ, ಬಿಸಿ ಇದೆ" ಎಂದ. "ಇಷ್ಟೇ ಸಾರ್. ಹದಿನಾಲ್ಕು ವರ್ಷ ಆಯ್ತು. ನನ್ನ ಮಗಳಿಗೆ ಗಂಡು ನೋಡೋಕೆ ಬಂದೋರಿಗೆ ಅವಳ ವಯಸ್ಸು ಹೇಳಿದ್ರೆ, ಶಾಲೆ ದಾಖಲೆ ತರಿಸಿ ನೋಡಿದ್ರು."

"ಬೇರೆ ಯಾರೋ ತಮಾಷೆಗೆ ಅವರ ದನಿಯಲ್ಲಿ ಕೂಗಿದ್ದರೆ?"

"ದನಿ ಯಾರದೋ ಮಾತು ಅವರದು ಸಾರ್. ಅಜ್ಜನ ಮಾತಿನ ಮುಂದೆ ಮನುಷ್ಯನ ಮಾತು ಯಾರು ಕೇಳ್ತಾರೆ?"

ಟೀ ನಿಜವಾಗಿಯೂ ಬಿಸಿ ಇತ್ತು. ನಾನು ನಾಲಿಗೆ ಸುಟ್ಟುಕೊಂಡೆ.

ಸಂಜೆ ಕಿಟಕಿ ಮುಚ್ಚಿ ವಸುಧಾಳಿಗೆ ಎಲ್ಲ ಹೇಳಿದೆ. ಅವಳ ಕೈಯಲ್ಲಿ ಅರ್ಧ ಬಿಚ್ಚಿದ ಪಾತ್ರೆಯ ಪೆಟ್ಟಿಗೆಯ ಹಗ್ಗವಿತ್ತು.

"ಹೌದು ದಿನ ಎಲ್ಲದಕ್ಕೂ ಹೌದು ಅಂದುಬಿಡು" ಎಂದೆ.

"ಊರೋರು ಸೂರಿನ ಮೇಲೆ ಕೊಡ ಕೊಡ ನೀರು ಸುರಿದು ನೋಡ್ತಾರಂತೆ ರೀ. ಅಲ್ಲದೆ ನಾನು ಔಷಧಿ ಕೊಡೋಳು. ನನ್ನ ಬಾಯಿ ಮುಚ್ಚಿದರೆ, ಊಟಕ್ಕೆ ಮುಂಚೆ ನುಂಗಿ ಅಂದದ್ದನ್ನು ಯಾರು ನಂಬ್ತಾರೆ? ನಾನು ಸುಳ್ಳು ಹೌದು ಹೇಳಲ್ಲ." ಹಗ್ಗವನ್ನು ಮತ್ತೆ ಬಿಗಿದಳು. "ಹೋಗಿ ಹೊನ್ನಕ್ಕನಿಗೆ ತಪ್ಪಾಯ್ತು ಅಂತ ಹೇಳಿ."

ಹೋದೆ. ಹೊನ್ನಕ್ಕನ ಮನೆಯ ನಡುಮನೆಯಲ್ಲಿ ಕಿರೀಟ, ಕೋರೆಹಲ್ಲು, ಗಲ್ಲದ ತುಂಬ ಮೀಸೆಯ ಒಬ್ಬ ರಾಕ್ಷಸನ ಫೋಟೋಗೆ ಹೂ ಮುಡಿಸಿತ್ತು. "ನಮ್ಮ ಮನೆಯವ್ರು" ಎಂದಳು. "ನಾಟಕದ ಕಂಪನಿಲಿ ರಾಕ್ಷಸನ ಪಾರ್ಟು. ಅಂಗಳದಲ್ಲೇ ಅಭ್ಯಾಸ ಮಾಡೋರು. ಅವರು ಗರ್ಜನೆ ಕೊಟ್ರೆ ಬೀದಿ ನಾಯಿ ಬಾಲ ಮುದುರಿಕೊಂಡು ಓಡ್ಬೇಕು, ಹ್ಞಾಂ. ಆದ್ರೆ ಒಂದು ಮಂಡಲ ಆದ್ಮೇಲೆ..." ಎಂದವಳು ತಾನೇ ನಕ್ಕು, ಕಾಫಿ ಇಡಲು ಎದ್ದಳು. ಅಡುಗೆಮನೆಯಿಂದ ಬಂದ ಮಾತಿನಲ್ಲಿ ನಗುವಿರಲಿಲ್ಲ. "ಅವರು ಹೋದ್ಮೇಲೂ ನಲವತ್ತೆಂಟು ದಿನ ದನಿ ಬರ್ತಿತ್ತು. ಕೊನೇ ದಿನ ಬಂದದ್ದು, ಹೊನ್ನಾ, ಸೀಗೆಕಾಯಿ ಎಲ್ಲಿಟ್ಟೆ ಅಂತ. ನಾನು ಅಂಗಳಕ್ಕೆ ಹೋಗಿ ಹೇಳ್ದೆ, ಬಚ್ಚಲ ಗೂಡಲ್ಲೈತೆ ಅಂತ. ಅಷ್ಟೇ. ಆಮೇಲೆ ಮನೆ ತೋರ್ಸೋ ಕೆಲಸ ಹಿಡಿದೆ. ಮನೇಲಿ ಸುಮ್ನೆ ಕೂತ್ರೆ ಕಿವಿ ಆ ಕಡೀಕೇ ಹೋಗೋದು. ನನಗೆ ಇರೋದು ಇದೊಂದೇ ನೋಡಪ್ಪಾ, ಜನ ನನ್ನ ಮಾತು ನಂಬ್ತಾರೆ."

ಇಷ್ಟು ಕೇಳಿದ ಮೇಲೆ ನನ್ನ ಬಾಯಿಂದ ಹೊರಟದ್ದು, "ಅಡುಗೆಮನೆಯ ಮೂಡಣ ಗೋಡೆ ಒಡೆದು ಕಿಟಕಿ ಇಟ್ಟುಕೊಳ್ಳಬಹುದಾ ಹೊನ್ನಕ್ಕ?" ಎಂಬ ಮಾತು. ಮಾತು ಹಿಂತೆಗೆದುಕೊಳ್ಳಲಾಗದಿದ್ದರೆ ಮನೆಯನ್ನೇ ಮಾತಿನ ತನಕ ಎಳೆದುಕೊಂಡು ಹೋಗಬೇಕೆಂದು ಕಾಫಿ ಕುಡಿಯುವಷ್ಟರಲ್ಲಿ ಹೊಳೆದಿತ್ತು.

"ಇಟ್ಕೋ, ಇಟ್ಕೋ. ದೊಡ್ಡದೇ ಇಟ್ಕೋ" ಎಂದಳು ಹೊನ್ನಕ್ಕ. ಆ ಧಾರಾಳ ನನಗೆ ಆಗಲೇ ಅನುಮಾನ ತರಿಸಬೇಕಿತ್ತು.

ಮುಂದಿನ ದಿನಗಳಲ್ಲಿ ನಾನು ಮೈಮುರಿದು ದುಡಿದಷ್ಟು ಹಿಂದೆಂದೂ ದುಡಿದವನಲ್ಲ. ಹೆಂಚು ಹೊದಿಸುವವನ ಜೊತೆ ಸೂರು ಹತ್ತಿ, ಒಡೆದ ಹೆಂಚುಗಳನ್ನೆಲ್ಲ ತೆಗೆಸಿ, ರೀಪು ಬದಲಿಸಿ, ಒಮ್ಮೆ ಕಾಲು ಜಾರಿ ದಾಸವಾಳದ ಬೇಲಿಯ ಮೇಲೆ ಬಿದ್ದೆ. ಗೋಡೆ ಒಡೆದ ದಿನ ಅಡುಗೆಮನೆಯಲ್ಲಿ ಎಷ್ಟು ಧೂಳೆದ್ದಿತೆಂದರೆ ಮೂರು ದಿನ ನಮ್ಮ ಸಾರಿಗೆ ಸುಣ್ಣದ ರುಚಿ. ನಾಲ್ಕನೇ ದಿನ ಬೆಳಿಗ್ಗೆ ಬಿಸಿಲು ಕಿಟಕಿ ದಾಟಿ ಬಂದು, ನಿಜವಾಗಿ ಮಣೆ ಹಾಕಿಕೊಂಡವರ ಹಾಗೆ ಒಲೆಯ ಪಕ್ಕ ಕೂತಿತು. ವಸುಧಾ ಒಂದು ಪೆಟ್ಟಿಗೆ ಬಿಚ್ಚಿ, ಹಿತ್ತಾಳೆಯ ಡಬ್ಬಗಳನ್ನು ಆ ಬಿಸಿಲಿಗೆ ಸಾಲಾಗಿ ಇಟ್ಟಳು.

ಬಾವಿಯ ಹೂಳೆತ್ತಿದಾಗ ಎರಡು ಕೊಡ, ಒಂದು ಛತ್ರಿಯ ಅಸ್ಥಿಪಂಜರ, ಯಾರದೋ ಒಂದೇ ಒಂದು ಬೂಟು ಸಿಕ್ಕವು. ಹೊಸ ಊಟೆ ಒಡೆಯಿತು. ನೀರು ತಿಳಿಯಾದರೂ ಸ್ವಲ್ಪ ಒಗರು. ಹೂಕೋಸಿನಾಕೆ ನೆಲ್ಲಿಮರದ ಒಂದು ಕೊರಡು ಕೊಟ್ಟು, "ಇದ ಬಾವಿಗೆ ಬಿಡಿ" ಎಂದಳು. ಹದಿನೈದು ದಿನದಲ್ಲಿ ನೀರು ಕುಡಿದ ಮೇಲೂ ನಾಲಿಗೆಯಲ್ಲಿ ಸಿಹಿ ನಿಲ್ಲತೊಡಗಿತು.

ಉಳಿದವನು ಮರಿಸ್ವಾಮಿ. ಬಸ್ ಕಂಡಕ್ಟರಾಗಿದ್ದವನು. ನಿವೃತ್ತಿಯಾದ ಮರುದಿನದಿಂದ ಗುಡ್ಡ ಅವನ ಸೀಟಿಯನ್ನೂ "ರೈಟ್ ರೈಟ್"ಗಳನ್ನೂ ಒಂದು ಮಂಡಲ ತಿರುಗಿ ಕೂಗಿತಂತೆ. ಡ್ರೈವರುಗಳು ಜನ ಹತ್ತುವ ಮೊದಲೇ ಬಸ್ಸು ಬಿಟ್ಟರು; ಒಬ್ಬಳು ಅಜ್ಜಿ ಬಿದ್ದಳು. ಅವತ್ತಿನಿಂದ ಅವನು ಹೊರಗೆ ಬಾಯಿ ಬಿಟ್ಟಿಲ್ಲ. ನಾನು ಬೇಲಿಯ ಬಳಿ ನಿಂತು ನಮಸ್ಕಾರ ಹೇಳಿದೆ, ಬಾಳೆಹಣ್ಣು ಕೊಟ್ಟೆ, ಹವೆಯ ಬಗ್ಗೆ ಕೇಳಿದೆ. ಅವನು ಗೋಡೆಯನ್ನೇ ನೋಡುತ್ತಿದ್ದ.

ಬೇಸರ ಹತ್ತಿ ಒಂದು ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ಕೂತು ನನ್ನಷ್ಟಕ್ಕೆ ಘಾಟಿ ಹತ್ತುವ ಹಳೇ ಬಸ್ಸು ಮಾಡತೊಡಗಿದೆ. ಇಂಜಿನ್ನಿನ ಏದುಸಿರು, ಗೇರಿನ ಕಿರಿಕಿರಿ, ಕಿಟಕಿ ಗಾಜಿನ ನಡುಕ, ಹಿಂದಿನ ಸೀಟಿನಲ್ಲಿ ಕೋಳಿ. ಎರಡನೇ ತಿರುವಿನ ಹೊತ್ತಿಗೆ ಕಿಟಕಿಯಲ್ಲಿ ಖಾಕಿ ಅಂಗಿ ಕಾಣಿಸಿತು.

"ಸ್ವಾಮೀ" ಎಂದಿತು ಹನ್ನೊಂದು ವರ್ಷ ತುಕ್ಕು ಹಿಡಿದ ದನಿ. "ಮೂರನೇ ತಿರುವಲ್ಲಿ ಗೇರು ಹಂಗೆ ಬೀಳಲ್ಲ. ಮೊದಲು ಒಂದು ಉಸಿರು ಬಿಡ್ತದೆ. ಆಮೇಲೆ ಗಡ್ ಅಂತದೆ."

ನಾನು ಉಸಿರು ಬಿಟ್ಟು, ಗಡ್ ಎಂದೆ.

"ಹಾಂ!" ಎಂದ. ಕಣ್ಣು ಒದ್ದೆಯಾಗಿತ್ತು. "ಈ ತಿರುವಿಗೆ ಡ್ರೈವರ್ ನಾಗಣ್ಣಂಗೆ ತೂಕಡಿಕೆ ಬರ್ತಿತ್ತು. ನಾನು ಹಾಡು ಹೇಳ್ತಿದ್ದೆ."

ಮರುದಿನದಿಂದ ಸಂಜೆ ಐದಕ್ಕೆ ನಾನು ಬಾಗಿಲೊಳಗಿನಿಂದ ಬಸ್ಸು ಹತ್ತಿಸುವುದು, ಅವನು ಬೇಲಿಗೆ ಒರಗಿ ಹಾಡುವುದು ಎಂದಾಯಿತು. ಗುಡ್ಡ ತಿರುಗಿ ಹೇಳಿದರೆ ಹೇಳಲಿ, ಹಾಡಿಗೆ ಯಾವ ಅಜ್ಜಿಯೂ ಬೀಳುವುದಿಲ್ಲ ಎಂದು ಅವನೇ ಸಮಾಧಾನ ಮಾಡಿಕೊಂಡ. ಬೀದಿಯವರು ಕುರ್ಚಿ ತಂದು ಕೂರತೊಡಗಿದರು.

ನಾಲ್ಕು ಸುಳ್ಳು ನಿಜವಾದವು. ಐದನೆಯದು, ಈ ಮನೆಗೆ ಬಂದವರು ಇನ್ನೆಲ್ಲೂ ಮನೆ ಹುಡುಕುವುದಿಲ್ಲ ಎಂಬುದು, ಗಾರೆಯಿಂದಲೋ ಕೊರಡಿನಿಂದಲೋ ಆಗುವಂಥದಲ್ಲ. ವಸುಧಾಳ ಪೆಟ್ಟಿಗೆಗಳಲ್ಲಿ ಎರಡು ಇನ್ನೂ ಬಿಚ್ಚಿರಲಿಲ್ಲ. ನಾನು ಕೇಳಲಿಲ್ಲ. ಕೇಳಿದರೆ ಅವಳು ನಿಜ ಹೇಳುತ್ತಾಳೆಂಬ ಭಯ.

ಹೌದು ದಿನ ಬಂತು. ಹತ್ತೂವರೆಗೆ ಅಂಗಳ ತುಂಬಿತು. ಹೂಕೋಸಿನಾಕೆ, ಮಲ್ಲೇಶಣ್ಣ, ನಾಲ್ಕೂ ಗಾಜಿನ ಕಚೇರಿಯವರು, ನೀರು ಸುರಿಯಲು ಏಣಿ ಹಿಡಿದ ಇಬ್ಬರು. ನೋಂದಣಿ ಗುಮಾಸ್ತ ಪರಶಿವಯ್ಯ ಮೇಜು ಹಾಕಿಸಿ, ಮೊಹರು, ಶಾಯಿಪೆಟ್ಟಿಗೆ, ನಿಯಮದ ಹಳೇ ಪುಸ್ತಕ ಜೋಡಿಸಿಕೊಂಡು ಕೂತರು. ವಸುಧಾ ಹೊಸಿಲಿನ ಮೇಲೆ ನಿಂತಳು. ಹೊನ್ನಕ್ಕ ಬೇವಿನ ಮರದ ಕೆಳಗೆ ಕೊಡೆಯ ಮೇಲೆ ಗಲ್ಲವೂರಿ ಕೂತಳು. ನನಗೆ ಒಳಗೊಳಗೇ ಒಂದು ಹೆಮ್ಮೆ. ಬರಲಿ ಅಜ್ಜ, ಒಂದೊಂದೂ ನಿಜ ಮಾಡಿಟ್ಟಿದ್ದೇನೆ.

ಅಜ್ಜ ಕೆಮ್ಮಿದ. ಹೊನ್ನಕ್ಕನ ಕೆಮ್ಮು.

"ನೋಡಪ್ಪಾ, ಸೂರು ಸೋರ್ತದೆ, ಹ್ಞಾಂ!"

ನನ್ನ ಕಾಲ ಕೆಳಗಿನ ನೆಲ ಬಾವಿಯಾಯಿತು. ನನ್ನ ಮಾತು ನಿಜವಾಗಿಸುವ ಭರದಲ್ಲಿ, ಅದಕ್ಕೂ ಮೊದಲು ಅವಳು ಆಡಿದ್ದ ನಿಜ ನನಗೆ ನೆನಪೇ ಇರಲಿಲ್ಲ! ಅವಳು ಹೇಳಿದ ಒಂದೊಂದು ಸತ್ಯವನ್ನೂ ನಾನೇ ಏಣಿ ಹತ್ತಿ, ಗುದ್ದಲಿ ಹಿಡಿದು, ಹೊಟ್ಟೆ ಬಟ್ಟೆ ಕಟ್ಟಿ ಸುಳ್ಳು ಮಾಡಿದ್ದೆ.

ಇಬ್ಬರು ಸೂರಿನ ಮೇಲೆ ಕೊಡಗಟ್ಟಲೆ ಸುರಿದರು. ಒಳಗೆ ನಿಂತವರ ಮೇಲೆ ಒಂದು ಹನಿ ಬೀಳಲಿಲ್ಲ. ವಸುಧಾ ನನ್ನನ್ನು ನೋಡಿದಳು. ಅವಳಿಗೂ ಆಗಲೇ ಹೊಳೆದದ್ದು. "ಇಲ್ಲ" ಎಂದಳು, ಕೇಳಿಸಿತೋ ಇಲ್ಲವೋ ಎಂಬಂತೆ.

"ಅಡಿಗೆಮನೆಗೆ ಬೆಳಕಿಲ್ಲ, ಹಗಲಲ್ಲೂ ದೀಪ ಬೇಕು, ಹ್ಞಾಂ!" ಬಿಸಿಲು ಒಲೆಯ ಪಕ್ಕ ಕೂತಿತ್ತು. "ಇಲ್ಲ." ಬಾವಿಯ ನೀರು ಕುಡಿದ ಪರಶಿವಯ್ಯ ಇನ್ನೊಂದು ಲೋಟ ಕೇಳಿದರು. "ಇಲ್ಲ." ಮರಿಸ್ವಾಮಿ ಯಾರೊಂದಿಗೂ ಮಾತಾಡುವುದಿಲ್ಲ ಎಂದು ಗುಡ್ಡ ಹೇಳುತ್ತಿರುವಾಗಲೇ, "ಏ, ಯಾರ್ರೀ ಅದು ಹೇಳಿದ್ದು?" ಎಂದು ಅವನು ಬೇಲಿಯಿಂದ ಕೂಗಿದ. "ಇಲ್ಲ."

ನಾಲ್ಕು ಇಲ್ಲ. ಮಲ್ಲೇಶಣ್ಣ ತಲೆ ತಗ್ಗಿಸಿದ. ಟೈ ಕಟ್ಟಿದ ಯುವಕನ ನೆಗಡಿ ವಾಸಿಯಾಗಿ ಅವನು ಪಕ್ಕದವನ ಕಿವಿಯಲ್ಲಿ ಏನೋ ಹೇಳತೊಡಗಿದ. "ತಪ್ಪು ನನ್ನದು!" ಎಂದು ಕೂಗಬೇಕೆಂದು ನಾನು ಬಾಯಿ ತೆರೆಯುವುದಕ್ಕೂ ಅಜ್ಜ ಮುಂದುವರಿಸುವುದಕ್ಕೂ ಸರಿಹೋಯಿತು.

"ನೋಡಪ್ಪಾ, ಸೂರು ಒಂದು ಹನಿ ಸೋರಲ್ಲ, ಹ್ಞಾಂ!"

ಅದು ಹೊನ್ನಕ್ಕನ ದನಿಯಲ್ಲ. ಗಂಡಸಿನದು. ತೆಳ್ಳಗೆ, ಸ್ವಲ್ಪ ಮೂಗಿನಲ್ಲಿ, ಪರೀಕ್ಷೆಗೆ ತಡವಾಗಿ ಬಂದವನ ಹಾಗೆ ಗಡಿಬಿಡಿ. "ಬೆಳಗಿನ ಬಿಸಿಲು ಅಡಿಗೆಮನೆಗೆ ಬಂದು ಮಣೆ ಹಾಕ್ಕೊಂಡು ಕೂರ್ತದೆ, ಹ್ಞಾಂ!" ಕೆಮ್ಮು, ನೋಡಪ್ಪಾ, ಹ್ಞಾಂ, ಎಲ್ಲ ಇದ್ದವು, ಅಜ್ಜಿಯ ಸೀರೆ ಉಟ್ಟ ಮಗುವಿನ ಹಾಗೆ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಇದ್ಯಾರ ದನಿ?" ಎಂದು ಎಲ್ಲರಿಗಿಂತ ಮೊದಲು ಕೇಳಿದವನು ನಾನೇ.

"ನಿಮ್ಮದೇ ರೀ" ಎಂದಳು ವಸುಧಾ ಹೊಸಿಲಿನ ಮೇಲಿಂದ. "ನಿದ್ದೆಯಲ್ಲಿ ಮಾತಾಡುವಾಗ ಕೇಳಿದ್ದೇನೆ."

ನಾನು ತಿರುಗಿ ನೋಡಿದೆ. ಹೊನ್ನಕ್ಕ ಕೊಡೆಯ ಹಿಡಿಯನ್ನು ಬಾಯಿಗೆ ಒತ್ತಿಕೊಂಡಿದ್ದಳು. ಅವಳ ಭುಜ ಕುಣಿಯುತ್ತಿತ್ತು.

"ನಮ್ಮನೆಯೋರು ಅಂಗಳದಲ್ಲಿ ರಾಕ್ಷಸನಾಗಿ ಗರ್ಜಿಸ್ತಿದ್ರಲ್ಲ ತಮ್ಮಾ, ಮಂಡಲ ಆದ್ಮೇಲೆ ಅಜ್ಜ ಅದನ್ನ ಅವರ ಪೀಚಲು ದನಿಲೇ ವಾಪಸ್ ಕೊಡೋನು. ಎಲಾ ಮಾನವಾ, ಅಂತ ಬೆಕ್ಕು ಕೂಗ್ದಂಗೆ! ಅಜ್ಜ ವೇಷ ನೋಡಲ್ಲಪ್ಪಾ. ನೀನು ಅವತ್ತು ಕೂಗಿದ್ದು ಉಗ್ರಾಣದಲ್ಲಿ ಅಕ್ಷರ ಅಕ್ಷರ ಕೇಳಿಸ್ತು. ಒಬ್ಬನಿಗೂ ಹಿಡಿಸದ ಮನೆಗೆ ಇವನಾದ್ರೂ ರಿಪೇರಿ ಮಾಡ್ಲಿ ಅಂತ ಸುಮ್ಕಾದೆ, ಹ್ಞಾಂ!"

"ಆದರೆ ನಾಲ್ಕು ಇಲ್ಲ ಆಯ್ತಲ್ಲ ಹೊನ್ನಕ್ಕ! ನಿಮ್ಮ ಬಾಯಿ..." ಎಂದೆ.

"ಪುಸ್ತಕ ಓದಿ ಸ್ವಾಮಿ" ಎಂದಳು ಅವಳು ಗುಮಾಸ್ತರಿಗೆ.

ಪರಶಿವಯ್ಯ ಕನ್ನಡಕ ಏರಿಸಿಕೊಂಡರು. "ಹೇಳಿದ್ದಕ್ಕಿಂತ ಮನೆ ಕೆಟ್ಟದಾಗಿದ್ದಲ್ಲಿ ಬಾಯಿ ಮುಚ್ಚತಕ್ಕದ್ದು ಅಂತಿದೆ. ಹೇಳಿದ್ದಕ್ಕಿಂತ ಒಳ್ಳೇದಾಗಿದ್ದರೆ ಏನು ಮಾಡೋದು ಅಂತ..." ಹಾಳೆ ಮಗುಚಿ, ಹಿಂದಿನ ರಟ್ಟನ್ನೂ ನೋಡಿದರು. "ಬರೆದಿಲ್ಲ. ಅಂಥದ್ದು ಈ ಊರಲ್ಲಿ ಆಗೇ ಇಲ್ಲ. ಹೋದ ತಿಂಗಳು ಈಯಮ್ಮ ಬಂದು ಮೂರು ಸಲ ಓದಿಸಿಕೊಂಡು ಹೋದಾಗಲೇ ನನಗೆ ಯಾಕೋ ಅನಿಸ್ತು."

ಅಜ್ಜ ಬಾವಿಯ ಮಾತನ್ನೂ ಪಕ್ಕದ ಮನೆಯ ಮಾತನ್ನೂ ಮುಗಿಸಿದ; ಸೂರಿನಿಂದ ಹಿಡಿದು ನಾಲ್ಕಕ್ಕೂ ವಸುಧಾ ಮೆಲುದನಿಯಲ್ಲಿ ಹೌದು ಎಂದಳು. ಆಮೇಲೆ ಅವನು ನನ್ನ ಮೂಗಿನ ದನಿಯಲ್ಲಿ ಕೊನೆಯ ಮಾತು ಆಡಿದ. "ಈ ಮನೆಗೆ ಬಂದೋರು ಇನ್ನೆಲ್ಲೂ ಮನೆ ಹುಡುಕಲ್ಲ, ಹ್ಞಾಂ!"

ವಸುಧಾ ಒಳಗೆ ತಿರುಗಿ ನೋಡಿದಳು. ಅಲ್ಲಿಂದ ಅವಳಿಗೆ ಏನು ಕಾಣುತ್ತಿತ್ತೋ, ಬಿಸಿಲಲ್ಲಿ ಕೂತ ಡಬ್ಬಗಳೋ, ಬಿಚ್ಚದ ಎರಡು ಪೆಟ್ಟಿಗೆಗಳೋ. ಆಮೇಲೆ ಅವಳು ಅಂಗಳಕ್ಕಿಳಿದು, ಗುಡ್ಡಕ್ಕೆ ಎದುರಾಗಿ ನಿಂತು, ಅಷ್ಟು ವರ್ಷದಲ್ಲಿ ನಾನು ಕೇಳದಷ್ಟು ಜೋರಾಗಿ, "ಹೌದು!" ಎಂದಳು. "ಆ ಎರಡು ಪೆಟ್ಟಿಗೇಲಿ ಇರೋದು ಹಳೇ ಸೀರೆ ರೀ, ಅದಕ್ಕೇ ಬಿಚ್ಚಿಲ್ಲ" ಎಂದು ನನಗೆ ಮೆಲ್ಲಗೆ ಹೇಳಿದಳು.

ಮೊಹರು ಬಿತ್ತು. ಮಾರಿದವರ ಹೆಸರಿನ ಜಾಗದಲ್ಲಿ ಯಾರ ದನಿ ಬರೆಯಬೇಕೆಂದು ಗುಮಾಸ್ತರಿಗೆ ಗೊಂದಲವಾಯಿತು. "ಅವನದೇ ಬರೀರಿ" ಎಂದಳು ಹೊನ್ನಕ್ಕ. "ಐದಕ್ಕೆ ಐದೂ ಹೌದು ಮಾಡಿಸ್ಕೊಂಡೋನು ಈ ಊರಲ್ಲಿ ಇವನೊಬ್ನೇ. ನಾಳೆಯಿಂದ ನನ್ನ ಜೊತೆ ಮನೆ ತೋರ್ಸೋಕೆ ಬಾ ತಮ್ಮಾ. ನಾನು ಇರೋದು ಹೇಳ್ತೀನಿ, ನೀನು ಇಲ್ಲದ್ದು ಹೇಳು. ಆಮೇಲೆ ಒಂದು ಮಂಡಲ ಗುದ್ದಲಿ ಹಿಡಿ, ಹ್ಞಾಂ!"

ಆಗ ಎದ್ದ ನಗೆಯಲ್ಲಿ ದಾಸವಾಳದ ಬೇಲಿಯೇ ಅಲುಗಿತು. ಮಲ್ಲೇಶಣ್ಣ ಮೇಜು ಗುದ್ದಿ ನಕ್ಕ, ಮರಿಸ್ವಾಮಿ ಸೀಟಿ ಊದಿ ನಕ್ಕ, ಹೊನ್ನಕ್ಕ ಕೊಡೆ ಕೆಳಗೆ ಹಾಕಿ ನಕ್ಕಳು. ಯಾರ ನಗೆ ದೊಡ್ಡದೆಂದು ಆಮೇಲೆ ಟೀ ಅಂಗಡಿಯಲ್ಲಿ ದೊಡ್ಡ ವಾದವೇ ನಡೆಯಿತು. ಹೊನ್ನಕ್ಕ ತನ್ನದೆಂದಳು, ನಾನು ನನ್ನದೆಂದೆ, ಯಾರೂ ಸೋಲಲಿಲ್ಲ. ಕೊನೆಗೆ ಎಲ್ಲರೂ ಕಾಯುವುದೆಂದಾಯಿತು. ನಲವತ್ತೆಂಟನೇ ದಿನ ಮತ್ತೆ ಅದೇ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತೆವು. ಮೊದಲು ವಸುಧಾಳ ಹೌದು ಬಂತು. ಸ್ವಲ್ಪ ಹೊತ್ತಿನ ಮೇಲೆ ಊರಿಗೂರೇ ನಕ್ಕಿತು. ಆ ನಗೆಗಳ ರಾಶಿಯ ಮೇಲೆ ಒಂದು, ತೆಳ್ಳಗೆ, ಮೂಗಿನಲ್ಲಿ, ಯಾರ ಅನುಕರಣೆಯೂ ಅಲ್ಲದ್ದು, ಎಲ್ಲವನ್ನೂ ಹತ್ತಿ ದಾಟಿಕೊಂಡು ಕೇಕೆ ಹಾಕುತ್ತಿತ್ತು. ಈ ಸಲ ಅದು ಯಾರದೆಂದು ನಾನು ಕೇಳಲಿಲ್ಲ.